ಗಲ್ಲಾಪೆಟ್ಟಿಗೆಯಲ್ಲಿ ಬಚ್ಚಿಟ್ಟ ಮೈಸೂರುಪಾಕು

ಓದುಗರ ಪ್ರಶ್ನೆ, ಡೊಂಬಿವಲಿ ಅಕ್ಕನ ಉತ್ತರ

ಹೋದ ತಿಂಗಳು ಊಟ ಮಾಡದ ಮಗುವಿನ ಬಗ್ಗೆ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ. "ನನಗೆ ಇದರ ಉಲ್ಟಾ ಕಾಯಿಲೆ ಇತ್ತು, ತಿನ್ನುವ ಚಟ. ನನ್ನಂಥವರ ಗುಂಪಿಗೆ ಸೇರಿ ಅದರಿಂದ ಹೊರಗೆ ಬಂದೆ" ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಅತ್ತೆ-ಸೊಸೆ ಜಗಳಕ್ಕೂ ಬಂದಿಲ್ಲ. ಅದರಲ್ಲಿ ಮುಕ್ಕಾಲು ಪಾಲು "ಹೆಸರು ಹಾಕಬೇಡಿ" ಅಂತಲೇ ಶುರುವಾಗಿವೆ. ಯಾರ ಹೆಸರೂ ಹಾಕಿಲ್ಲ. ನನ್ನದೂ ಹಾಕುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನನಗೆ 36 ವರ್ಷ. ಠಾಣೆಯಲ್ಲಿ ಮನೆ, ಮುಂಬಯಿಯ ಫೋರ್ಟ್‌ನಲ್ಲಿ ಕೆಲಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತೇನೆ. ಮೊದಲು ಎರಡು ಬಿಸ್ಕತ್ತು. ಆಮೇಲೆ ಇಡೀ ಪ್ಯಾಕೆಟ್, ಮಕ್ಕಳ ಚಾಕಲೇಟ್, ತಣ್ಣಗಿನ ಅನ್ನ, ಉಪ್ಪಿನಕಾಯಿ, ಮತ್ತೆ ಬಿಸ್ಕತ್ತು. ಲೈಟ್ ಹಾಕುವುದಿಲ್ಲ, ಫ್ರಿಜ್ ಬೆಳಕೇ ಸಾಕು. ಖಾಲಿ ಕವರುಗಳನ್ನು ಪರ್ಸಿನಲ್ಲಿಟ್ಟು ಬೆಳಿಗ್ಗೆ ಸ್ಟೇಷನ್ ಕಸದ ಡಬ್ಬಿಗೆ ಹಾಕುತ್ತೇನೆ. ಪ್ರಾಯಶ್ಚಿತ್ತ ಅಂತ ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲ ಉಪವಾಸ ಮಾಡುತ್ತೇನೆ. ಉಪವಾಸದ ರಾತ್ರಿಯೇ ಜಾಸ್ತಿ ತಿನ್ನುತ್ತೇನೆ. ನಿಮ್ಮ ಗುಂಪು ಯಾವುದು? ಅಲ್ಲಿ ಏನು ಮಾಡುತ್ತಾರೆ?

ಉತ್ತರ: ತಂಗೀ, "ಲೈಟ್ ಹಾಕುವುದಿಲ್ಲ" ಅನ್ನುವ ಮಾತಿನ ಹತ್ತಿರ ಬಂದಾಗ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಫ್ರಿಜ್ ಬೆಳಕಿನ ಬದಲು ಡ್ರಾವರ್ ಇತ್ತು.

ಘಾಟ್ಕೋಪರ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರ ತನಕ ಗಲ್ಲದಲ್ಲಿ ನಾನು. ಬಿಲ್ ಬುಕ್ಕಿನ ಕೆಳಗೆ ಬಟರ್ ಪೇಪರಿನಲ್ಲಿ ಸುತ್ತಿದ ಮೈಸೂರುಪಾಕು. ಒಂದು ಕೈ ಗಿರಾಕಿಗೆ ಚಿಲ್ಲರೆ ಕೊಡುತ್ತಿತ್ತು, ಇನ್ನೊಂದು ಡ್ರಾವರ್ ಒಳಗೆ ಮುರಿಯುತ್ತಿತ್ತು. ರುಚಿ ಗೊತ್ತಾಗುತ್ತಿತ್ತಾ ಅಂತ ಕೇಳಿದರೆ, ಇಲ್ಲ. ಮೊದಲನೆಯ ತುಂಡು ಅಷ್ಟೇ. ಉಳಿದದ್ದು ಸುಮ್ಮನೆ ಒಳಗೆ ಹೋಗುತ್ತಿತ್ತು. ಮನೆಗೆ ಬಂದು ಎಲ್ಲರ ಎದುರು ಒಂದೇ ಚಪಾತಿ ತಿನ್ನುತ್ತಿದ್ದೆ. "ಪಾಪ, ಇವಳು ಗಾಳಿ ಕುಡಿದರೂ ದಪ್ಪ ಆಗುತ್ತಾಳೆ" ಅಂತ ಅತ್ತೆ ಎಲ್ಲರ ಹತ್ತಿರ ಹೇಳುತ್ತಿದ್ದರು. ಥೈರಾಯ್ಡ್ ಪರೀಕ್ಷೆ ಮೂರು ಸಲ ಆಯಿತು. ಮೂರು ಸಲವೂ ಸರಿಯಾಗಿಯೇ ಇತ್ತು. ಇರದೆ ಏನು!

ಇನ್ನು ಗುಂಪಿನ ವಿಷಯ. ನನ್ನ ಮೈದುನನಿಗೆ ಕುಡಿತದ ಚಟ ಇತ್ತು. ಅವನು ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅಂತಾರಲ್ಲ, ಅಲ್ಲಿಗೆ ಹೋಗಿ ಸರಿಯಾದ. ಅವನು ಬಿಟ್ಟು ಒಂದು ವರ್ಷ ತುಂಬಿದ ದಿನ ಮನೆಯವರೂ ಬರಬಹುದಾದ ಓಪನ್ ಮೀಟಿಂಗ್ ಇತ್ತು. ನಾನು ಹೋದೆ. ಒಬ್ಬರು ಎದ್ದು, ಬಾಟಲಿಯನ್ನು ಫ್ಲಶ್ ಟ್ಯಾಂಕಿನಲ್ಲಿ ಬಚ್ಚಿಡುತ್ತಿದ್ದ ಕಥೆ ಹೇಳಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಬೆವರು ಬಂತು. ಹೊರಗೆ ಬಂದು ಮೈದುನನಿಗೆ, "ಕುಡಿತದ ಜಾಗದಲ್ಲಿ ತಿಂಡಿ ಇದ್ದರೆ?" ಅಂತ ಕೇಳಿದೆ. ಅವನು ನಗಲಿಲ್ಲ. "ಅದಕ್ಕೂ ಇದೆ ಅತ್ತಿಗೆ" ಅಂದ.

ಅದರ ಹೆಸರು ಓವರ್‌ಈಟರ್ಸ್ ಅನಾನಿಮಸ್, ನಾವು ಒಎ ಅನ್ನುತ್ತೇವೆ. ಅದು ಹುಟ್ಟಿದ್ದೂ ಹೆಚ್ಚು ಕಡಿಮೆ ಹೀಗೆಯೇ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರೋಸಾನ್ ಅನ್ನುವ ಹೆಂಗಸು 1958ರಲ್ಲಿ ಜೂಜಿನ ಚಟದವರ ಮೀಟಿಂಗಿಗೆ ಹೋಗಿದ್ದರು. ತಮಗಾಗಿ ಅಲ್ಲ, ಪರಿಚಯದವರೊಬ್ಬರಿಗಾಗಿ. ಜೂಜುಕೋರರು ಹೇಳಿದ್ದೆಲ್ಲ ತಮ್ಮದೇ ಕಥೆ ಅನ್ನಿಸಿತಂತೆ. 1960ರ ಜನವರಿ 19ರಂದು ಮೂವರು ಹೆಂಗಸರು ಸೇರಿ ಮೊದಲ ಮೀಟಿಂಗ್ ಮಾಡಿದರು. ಇಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಹಳದಿ-ಕುಂಕುಮ ನಡೆಯುವುದೂ ಅದೇ ದಿನಗಳಲ್ಲಿ. ಮೂವರು ಹೆಂಗಸರು ಸೇರಿದರೆ ಏನೂ ಆಗಬಹುದು ಅನ್ನುವುದು ನನಗೆ ಮೊದಲಿಂದಲೂ ಗೊತ್ತಿತ್ತು. 1935ರಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್ ಸೇರಿ ಎಎ ಶುರು ಮಾಡಿದ್ದರಲ್ಲ, ಚಟ ಬಿಡಲು ಒಂದೊಂದಾಗಿ ಇಡಬೇಕಾದ ಅದರ ಹನ್ನೆರಡು ಹೆಜ್ಜೆಗಳನ್ನೇ ಇವರೂ ಇಟ್ಟುಕೊಂಡರು. ಮದ್ಯ ಅಂತ ಇದ್ದಲ್ಲಿ ಆಹಾರ ಅಂತ ಹಾಕಿದರು.

ಅಲ್ಲಿ ತೂಕ ನೋಡುವುದಿಲ್ಲ. ಡಯಟ್ ಚಾರ್ಟ್ ಕೊಡುವುದಿಲ್ಲ. ಫೀಸು ಇಲ್ಲ, ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಇಷ್ಟ ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಸೇರಲು ಬೇಕಾದ ಅರ್ಹತೆ ಒಂದೇ, ಹೀಗೆ ತಿನ್ನುವುದು ನಿಲ್ಲಬೇಕು ಅನ್ನುವ ಆಸೆ. ನಾನು ಮೊದಲ ಸಲ ಹೋದಾಗ ಶಾಲೆಯೊಂದರ ಕೋಣೆ, ಸಣ್ಣ ಮಕ್ಕಳ ಬೆಂಚು. ನನಗೆ ಆ ಬೆಂಚಿನೊಳಗೆ ಕೂರಲು ಆಗಲಿಲ್ಲ. ಯಾರೋ ಏನೂ ಹೇಳದೆ ಟೀಚರ್ ಕುರ್ಚಿ ತಂದು ಕೊಟ್ಟರು. ಒಬ್ಬೊಬ್ಬರೇ ಮಾತಾಡುತ್ತಾರೆ, ಅದಕ್ಕೆ ಶೇರಿಂಗ್ ಅನ್ನುತ್ತಾರೆ. ನಡುವೆ ಬಾಯಿ ಹಾಕುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ. ನಮ್ಮ ಜನಕ್ಕೆ ಇದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಇಂಗ್ಲಿಷ್, ಹಿಂದಿ ಎರಡೂ ನಡೆಯುತ್ತದೆ. ನಾನು ಅರ್ಧ ಹಿಂದಿ ಅರ್ಧ ತುಳುವಿನಲ್ಲಿ ಅತ್ತೆ. ಯಾರಿಗೂ ಅನುವಾದ ಬೇಕಾಗಲಿಲ್ಲ.

ಅಲ್ಲಿ ದಾರಿ ತೋರಿಸಲು ಹಳಬರೊಬ್ಬರನ್ನು ಸ್ಪಾನ್ಸರ್ ಅಂತ ಹಿಡಿದುಕೊಳ್ಳುತ್ತಾರೆ. ನನಗೆ ಸಿಕ್ಕವರು ದಾದರ್ ಕಡೆಯ ಪಾರ್ಸಿ ಹೆಂಗಸು. (ಅವರನ್ನು ಕೇಳಿಯೇ ಇಷ್ಟು ಬರೆದಿದ್ದೇನೆ.) ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ಇವತ್ತು ಏನು ತಿನ್ನುತ್ತೇನೆ ಅಂತ ಅವರಿಗೆ ಹೇಳಬೇಕಿತ್ತು. ಎರಡು ದೋಸೆ, ಮಧ್ಯಾಹ್ನ ಅನ್ನ ಸಾರು ಪಲ್ಯ, ರಾತ್ರಿ ಎರಡು ಚಪಾತಿ. ಇದು ಗುಂಪು ಕೊಟ್ಟ ಪಟ್ಟಿ ಅಲ್ಲ, ಡಯಟಿಷಿಯನ್ ಹತ್ತಿರ ಕೂತು ನಾನೇ ಮಾಡಿಕೊಂಡದ್ದು. ಸಿಹಿ ಪೂರ್ತಿ ಬಿಟ್ಟೆ. ನನಗೆ ಒಂದು ತುಂಡಲ್ಲಿ ನಿಲ್ಲಿಸಲು ಬರುವುದಿಲ್ಲ, ಅದಕ್ಕೆ. ಬೇರೆಯವರು ಬಿಡಬೇಕಾಗಿಲ್ಲ, ಅವರವರ ಲೆಕ್ಕ ಅವರವರಿಗೆ. ಡ್ರಾವರ್ ಕಡೆ ಕೈ ಹೋದರೆ ತಿನ್ನುವ ಮೊದಲು ಫೋನ್ ಮಾಡು, ತಿಂದ ಮೇಲಾದರೂ ಮಾಡು ಅಂದರು. ಮೊದಲ ತಿಂಗಳು ತಿಂದ ಮೇಲಿನ ಫೋನೇ ಜಾಸ್ತಿ. ಒಂದು ದಿನ ತಿನ್ನುವ ಮೊದಲು ಮಾಡಿದೆ. ಅವರು ಉಪದೇಶ ಏನೂ ಮಾಡಲಿಲ್ಲ. "ಈಗ ಹೋಟೆಲಲ್ಲಿ ರಶ್ ಇದೆಯಾ?" ಅಂತ ಕೇಳಿದರು. ಇಲ್ಲ, ಖಾಲಿ, ಸುಸ್ತು, ಬೆಳಗ್ಗಿಂದ ಗಂಡನ ಜೊತೆ ಮಾತಿಲ್ಲ ಅಂದೆ. "ಹಾಗಾದರೆ ನಿನಗೆ ಮೈಸೂರುಪಾಕು ಬೇಕಾಗಿಲ್ಲ, ಜಗಳ ಮುಗಿಯಬೇಕು" ಅಂದರು. ನಗು ಬಂತು. ಅವತ್ತು ಆ ಪೊಟ್ಟಣ ಬಿಚ್ಚಲಿಲ್ಲ.

ನಿಮ್ಮ ಉಪವಾಸದ ಬಗ್ಗೆ ಎರಡು ಮಾತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ, ಮಹಾಯುದ್ಧದ ಕಾಲದಲ್ಲಿ, 36 ಗಟ್ಟಿಮುಟ್ಟಾದ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ ಆಯಿತು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರಿಗೆ ಹೊಟ್ಟೆ ಬಿರಿದರೂ ನಿಲ್ಲಿಸಲು ಆಗಲಿಲ್ಲ. ಮೊದಲು ಅವರೆಲ್ಲ ನಮ್ಮ ನಿಮ್ಮ ಥರ ಊಟ ಮಾಡುತ್ತಿದ್ದವರೇ, ಅಲ್ವಾ? ನೀವು ಸೋಮವಾರ ಹಗಲು ಹೊಟ್ಟೆ ಕಟ್ಟುತ್ತೀರಿ, ರಾತ್ರಿ ಹೊಟ್ಟೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ದೇವರಿಗೆ ಬೇಕಾದರೆ ಹೂವು ಇಡಿ. ಶಿಕ್ಷೆಗೆ ಅಂತ ಮಾಡುವ ಉಪವಾಸ ಸದ್ಯಕ್ಕೆ ನಿಲ್ಲಿಸಿ. ಮೂರು ಹೊತ್ತು ಸರಿಯಾಗಿ ಉಣ್ಣಿ.

ಪೂರ್ತಿ ಗೆದ್ದೆ ಅಂತ ತಿಳಿಯಬೇಡಿ. ಹನ್ನೆರಡು ವರ್ಷದಲ್ಲಿ ಎರಡು ಸಲ ಜಾರಿದ್ದೇನೆ. ಒಂದು, ಅಮ್ಮ ಹೋದಾಗ. ವೈಕುಂಠ ಸಮಾರಾಧನೆಯ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಉಳಿದ ಲಾಡಿನ ಡಬ್ಬಿ ಮುಂದೆ ಇಟ್ಟುಕೊಂಡು ಕತ್ತಲಲ್ಲಿ ಕೂತಿದ್ದೆ. ಎಷ್ಟು ತಿಂದೆ ಅಂತ ಎಣಿಸಲಿಲ್ಲ. ಇನ್ನೊಂದು ಜಾರಿದ್ದು ಯಾವ ಕಾರಣವೂ ಇಲ್ಲದೆ, ಒಂದು ಮಂಗಳವಾರ.

ಹನ್ನೆರಡು ಹೆಜ್ಜೆಗಳಲ್ಲಿ ನನಗೆ ಕಷ್ಟವಾದದ್ದು ಎಂಟು, ಒಂಬತ್ತು. ನಿಮ್ಮಿಂದ ಯಾರಿಗೆ ತೊಂದರೆ ಆಯಿತು ಅಂತ ಪಟ್ಟಿ ಮಾಡಬೇಕು. ಆಮೇಲೆ, ಅವರಿಗೆ ಇನ್ನೂ ನೋವಾಗುವುದಿಲ್ಲ ಅಂತಿದ್ದರೆ, ಹೋಗಿ ಸರಿಮಾಡಬೇಕು. ತಿಂದವಳು ನಾನು, ಹಾಳಾದದ್ದು ನನ್ನ ಮೈ, ಇನ್ಯಾರಿಗೆ ಏನು ತೊಂದರೆ ಅಂತ ವಾದ ಮಾಡಿದೆ. ಸ್ಪಾನ್ಸರ್ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನೆನಪಾಯಿತು. ಸಿಹಿ ತಿಂಡಿಯ ಲೆಕ್ಕ ತಪ್ಪುತ್ತಿದೆ ಅಂತ ನನ್ನ ಗಂಡ ಒಬ್ಬ ಹುಡುಗನನ್ನು ಕೆಲಸದಿಂದ ತೆಗೆದಿದ್ದರು. ಹೆಬ್ರಿ ಕಡೆಯವನು, ಹದಿನೆಂಟೋ ಹತ್ತೊಂಬತ್ತೋ. ನಾನು ಗಲ್ಲದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಅವನನ್ನು ಹುಡುಕಲು ಎಂಟು ತಿಂಗಳು ಹಿಡಿಯಿತು. ಕಲ್ಯಾಣದಲ್ಲಿ ಸಣ್ಣ ಟೀ ಅಂಗಡಿ ಇಟ್ಟಿದ್ದ. ಮೊದಲು ಗಂಡನಿಗೆ ಹೇಳಿದೆ, ಆಮೇಲೆ ಅವನ ಹತ್ತಿರ ಹೋದೆ. ಬಾಕಿ ಉಳಿಸಿದ್ದ ಸಂಬಳ, ಅದರ ಮೇಲೆ ಆರು ತಿಂಗಳಿನದು, ಕವರಿನಲ್ಲಿ ಇಟ್ಟುಕೊಂಡಿದ್ದೆ. ಕದ್ದವಳು ನಾನು ಅಂದೆ. ಅವನು ಟೀ ಸೋಸುತ್ತಲೇ ಇದ್ದ. "ಊರಲ್ಲಿ ಅಪ್ಪನ ಕಿವಿಗೂ ಬಿದ್ದಿತ್ತು ಅಮ್ಮ, ಮಗ ಕಳ್ಳ ಅಂತ. ಅಪ್ಪ ಈಗ ಇಲ್ಲ. ಈಗ ಹೇಳಿ ಏನು ಪ್ರಯೋಜನ?" ಅಂದ. ಕವರ್ ತೆಗೆದುಕೊಂಡ. ನನ್ನ ಎದುರೇ ಎಣಿಸಿದ. ಟೀ ಕೊಟ್ಟ, ಟೀಯ ದುಡ್ಡೂ ತೆಗೆದುಕೊಂಡ. ಲೋಕಲ್‌ನಲ್ಲಿ ವಾಪಸ್ ಬರುವಾಗ ಹಗುರ ಆಯಿತು ಅಂತೆಲ್ಲ ಬರೆಯಲು ನನಗೆ ಆಸೆ. ಹಾಗೇನೂ ಆಗಲಿಲ್ಲ. ಆದರೆ ಅವತ್ತಿಂದ ಗಲ್ಲದಲ್ಲಿ ಏನನ್ನೂ ಬಚ್ಚಿಡಲು ನನ್ನ ಕೈ ಬಂದಿಲ್ಲ.

ನೀವು ಇವತ್ತು ರಾತ್ರಿ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಕೇಳುವುದಿಲ್ಲ. ಲೈಟ್ ಹಾಕಿ. ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ. ಕವರನ್ನು ಮನೆಯ ಡಬ್ಬಿಗೇ ಹಾಕಿ. ಗಂಡ ನೋಡಿದರೆ ನೋಡಲಿ. ಒಎ ಮೀಟಿಂಗ್‌ಗಳು ಫೋನ್‌ನಲ್ಲಿ, ವಿಡಿಯೊದಲ್ಲಿ ಕೂಡ ನಡೆಯುತ್ತವೆ, ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಕ್ಯಾಮೆರಾ ಆಫ್ ಇಟ್ಟು ಸುಮ್ಮನೆ ಕೇಳಬಹುದು. ಹೊಸಬರು ಆರು ಮೀಟಿಂಗ್ ಆದರೂ ನೋಡಿ ಆಮೇಲೆ ನಿರ್ಧಾರ ಮಾಡಿ ಅನ್ನುವುದು ಅಲ್ಲಿಯ ಮಾತು. ನನಗೆ ಮೂರನೆಯದರ ತನಕ ಸಿಟ್ಟೇ ಬರುತ್ತಿತ್ತು. ಜೊತೆಗೆ ಡಾಕ್ಟರನ್ನೂ ನೋಡಿ. ಗುಂಪು ಡಾಕ್ಟರ್ ಅಲ್ಲ, ಹಾಗಂತ ಗುಂಪೇ ಹೇಳುತ್ತದೆ.

ಹೆಸರು ಯಾಕೆ ಹಾಕುವುದಿಲ್ಲ ಅಂದರೆ, ಪತ್ರಿಕೆ, ರೇಡಿಯೊ, ಟೀವಿಯಲ್ಲಿ ಸದಸ್ಯರು ಪೂರ್ತಿ ಹೆಸರು ಹೇಳಬಾರದು ಅನ್ನುವುದು ಅಲ್ಲಿಯ ಪದ್ಧತಿ. ಯಾರೂ ಹೀರೊ ಆಗುವುದು ಬೇಡ ಅಂತ. ಡೊಂಬಿವಲಿಯಲ್ಲಿ ಅಕ್ಕಂದಿರು ಬೇಕಾದಷ್ಟು ಇದ್ದಾರೆ, ಹುಡುಕಬೇಡಿ.

ಪ್ರಶ್ನೆ: ಇದೆಲ್ಲ ಹೊಸ ಕಾಲದ ನಾಟಕ. ನಾಲಿಗೆ ಹತೋಟಿಯಲ್ಲಿದ್ದರೆ ಯಾವ ಗುಂಪೂ ಬೇಡ. ನನಗೆ 71, ಇವತ್ತಿಗೂ ಎರಡೇ ಇಡ್ಲಿ. (ಮುಲುಂಡ್)

ಉತ್ತರ: ನಿಮ್ಮ ಎರಡು ಇಡ್ಲಿಗೆ ನಮಸ್ಕಾರ. ನನಗೂ ಮೂರು ಇಡ್ಲಿ ಬೇಕಾಗಿರಲಿಲ್ಲ ರಾಯರೇ, ಹಸಿವೇ ಇರಲಿಲ್ಲ. ಹಸಿವಿಲ್ಲದೆ, ಗಬಗಬನೆ, ಹೊಟ್ಟೆ ನೋಯುವ ತನಕ, ಯಾರಿಗೂ ಕಾಣದ ಹಾಗೆ ತಿಂದು ಆಮೇಲೆ ತನ್ನ ಮೇಲೇ ಅಸಹ್ಯ ಪಡುವುದು. ವಾರಕ್ಕೊಮ್ಮೆಯಾದರೂ ಹೀಗಾಗಿ, ಮೂರು ತಿಂಗಳು ಎಳೆದರೆ ಅದನ್ನು ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಬೇರೆ ಕಾಯಿಲೆಯಾಗಿಯೇ ಸೇರಿಸಿತು. ನಮ್ಮ ಗುಂಪಿನಲ್ಲಿ ಕಡ್ಡಿಯಂಥವರೂ ಇದ್ದಾರೆ. ಬಾಯಿ ಚಪಲಕ್ಕೆ ತಿನ್ನುವವರು ಎಲ್ಲರ ಎದುರು ಚಪ್ಪರಿಸಿಕೊಂಡು ತಿನ್ನುತ್ತಾರೆ.

ಪ್ರಶ್ನೆ: ನನ್ನ ಹೆಂಡತಿಗೆ ಇದೇ ತೊಂದರೆ. ತಿಂಡಿ ಇಡುವ ಕಪಾಟಿಗೆ ಬೀಗ ಹಾಕಲೇ? ಅವಳ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. (ಪಿಂಪ್ರಿ, ಪುಣೆ)

ಉತ್ತರ: ಬೇಡ. ನನ್ನ ಗಂಡ ಉಗ್ರಾಣಕ್ಕೆ ಬೀಗ ಹಾಕಿದ ವಾರವೇ ನಾನು ಘಾಟ್ಕೋಪರ್ ಸ್ಟೇಷನ್ ಹೊರಗೆ ವಡಾಪಾವ್ ಶುರು ಮಾಡಿದೆ. ಬೀಗ ಹಾಕಿದರೆ ನೀವು ಪೊಲೀಸ್, ಅವರು ಕಳ್ಳಿ, ಅಷ್ಟೇ. ತಟ್ಟೆ ಎಣಿಸಬೇಡಿ, ತೂಕದ ಮಾತು ಎತ್ತಬೇಡಿ. ಅವರು ಮೀಟಿಂಗಿಗೆ ಹೋಗುವ ಸಂಜೆ ನೀವು ಮಕ್ಕಳಿಗೆ ಊಟ ಹಾಕಿ. ನಮ್ಮೆಜಮಾನರು ಕೊನೆಗೆ ಮಾಡಿದ ಒಳ್ಳೆಯ ಕೆಲಸ ಇದೊಂದೇ. ಅದು ಸಾಕಾಯಿತು.

ಪ್ರಶ್ನೆ: ನಾನು ಪುಣೆಯಲ್ಲಿ ಹಾಸ್ಟೆಲಿನಲ್ಲಿ ಇದ್ದೇನೆ. ತುಂಬಾ ತಿಂದ ಮೇಲೆ ಹೆದರಿಕೆಯಾಗಿ ಅದನ್ನು ವಾಂತಿ ಮಾಡಿ ತೆಗೆಯುತ್ತೇನೆ. ನಾನೂ ನಿಮ್ಮ ಗುಂಪಿಗೆ ಸೇರಬಹುದೇ?

ಉತ್ತರ: ಸೇರಬಹುದು ಮಗಾ. ನಿನ್ನಂಥವರು ಅಲ್ಲಿ ಇದ್ದಾರೆ. ಆದರೆ ಮೊದಲು ಡಾಕ್ಟರ್, ಈ ವಾರವೇ. ಪದೇ ಪದೇ ವಾಂತಿ ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಎದೆಬಡಿತ ಏರುಪೇರಾಗುತ್ತದೆ. ಅದು ಹೊರಗೆ ಕಾಣುವುದಿಲ್ಲ, ರಕ್ತಪರೀಕ್ಷೆ ಮಾಡಿಸಬೇಕು. ತಲೆ ಸುತ್ತಿದರೆ, ಎದೆ ಡವಗುಟ್ಟಿದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡ, ನೇರ ಆಸ್ಪತ್ರೆಗೆ ಹೋಗು. ಮನೆಯವರಿಗೆ ಹೇಳಲು ಬಾಯಿ ಬರುವುದಿಲ್ಲ ಅಂದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ಈ ಪತ್ರ ಬರೆದೆಯಲ್ಲ, ಅದನ್ನೇ ಓದಿ ಹೇಳು.

ಪ್ರಶ್ನೆ: ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದಂತೆ. ನಾನು ನಾಸ್ತಿಕ. (ಚೆಂಬೂರ್)

ಉತ್ತರ: ಬರುತ್ತದೆ. "ನಾವು ತಿಳಿದುಕೊಂಡ ಹಾಗಿನ ದೇವರು" ಅಂತ ಬರುತ್ತದೆ. ತನಗಿಂತ ದೊಡ್ಡದು ಏನೋ ಒಂದಿದೆ ಅಂತ ಒಪ್ಪಿದರೆ ಆಯಿತು. ನಮ್ಮಲ್ಲೊಬ್ಬರು ಹಳೆಯ ಯೂನಿಯನ್ ಲೀಡರ್, ಜನ್ಮದಲ್ಲಿ ಕೈ ಮುಗಿದವರಲ್ಲ. ಅವರು ದೇವರ ಜಾಗದಲ್ಲಿ ಬೆಳಗಿನ ಫಾಸ್ಟ್ ಲೋಕಲ್ ರೈಲನ್ನೇ ಇಟ್ಟುಕೊಂಡರು. "ಅದು ನನಗಾಗಿ ನಿಲ್ಲುವುದಿಲ್ಲ, ನನ್ನ ಮಾತು ಕೇಳುವುದಿಲ್ಲ, ಆದರೂ ದಿನಾ ಮುಟ್ಟಿಸುತ್ತದೆ" ಅಂತಾರೆ. ಏಳು ವರ್ಷದಿಂದ ಅವರಿಗೆ ಅದು ನಡೆಯುತ್ತಿದೆ. ನಾನಂತೂ ಕೃಷ್ಣನನ್ನೇ ಇಟ್ಟುಕೊಂಡಿದ್ದೇನೆ. ಬೆಣ್ಣೆ ಕದ್ದವನಿಗೆ ನನ್ನ ಕಷ್ಟ ಅರ್ಥ ಆಗುತ್ತದೆ.

ಪ್ರಶ್ನೆ: ನಾನೂ ಮೂರು ತಿಂಗಳಿಂದ ಒಎಯಲ್ಲಿದ್ದೇನೆ. ಚೌತಿ ಹತ್ತಿರ ಬಂತು. ಪಾತೋಳಿ, ನೆವ್ರಿ, ಕಡುಬು, ಮೇಲಿಂದ ಬಡಿಸುವವರ ಒತ್ತಾಯ. ಹೇಗೆ ದಾಟಲಿ? (ವಾಸ್ಕೊ, ಗೋವಾ)

ಉತ್ತರ: ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬಡಿಸುತ್ತಾರೆ. "ಸಾಕು" ಅಂದರೆ "ಇನ್ನೊಂದು" ಅಂತ ಅರ್ಥ ಮಾಡಿಕೊಳ್ಳುವ ಜನ. "ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ, ಜಾಸ್ತಿ ವಿವರ ಕೊಡಬೇಡಿ. ಬಡಿಸುವ ಸಾಲಿನಲ್ಲಿ ನಿಲ್ಲಬೇಡಿ. ಬಡಿಸಿದವರು ಕೊನೆಗೆ ಪಾತ್ರೆಯ ತಳ ಕೆರೆಯುತ್ತಾರೆ, ನಾನು ಆ ಕೆಲಸದಲ್ಲಿ ಪಳಗಿದವಳು. ಎಲೆ ತೆಗೆಯುವ, ನೀರು ಕೊಡುವ ಕೆಲಸ ಕೇಳಿ ಪಡೆಯಿರಿ. ಹಸಿದುಕೊಂಡು ಹೋಗಬೇಡಿ. ಪ್ರಸಾದ ಅಂತ ಕೊಟ್ಟದ್ದನ್ನು ಕಣ್ಣಿಗೊತ್ತಿ ಪಕ್ಕದ ಮಗುವಿಗೆ ಕೊಡಿ, ಗಣಪತಿ ಕೋಪ ಮಾಡಿಕೊಳ್ಳುವುದಿಲ್ಲ.

ಊಟಕ್ಕೆ ಕೂರುವ ಮೊದಲು ಒಂದು ಫೋನ್, ಎದ್ದ ಮೇಲೆ ಒಂದು ಫೋನ್. ನಿಮ್ಮ ಸ್ಪಾನ್ಸರ್ ಮನೆಯಲ್ಲೂ ಚೌತಿ ಇದ್ದರೆ ಇನ್ನೊಬ್ಬರ ನಂಬರ್ ಈಗಲೇ ಕೇಳಿಟ್ಟುಕೊಳ್ಳಿ. ನನಗೆ ಆ ಚಿಂತೆ ಇಲ್ಲ, ನಮ್ಮ ಪಾರ್ಸಿ ಅಕ್ಕನಿಗೆ ಚೌತಿ ಇಲ್ಲ. ಆಗಸ್ಟ್‌ನಲ್ಲಿ ಅವರ ಹೊಸ ವರ್ಷ ಬರುತ್ತದೆ. ಅವತ್ತು ಬೆಳಿಗ್ಗೆಯಿಂದ ಫೋನ್ ಚಾರ್ಜ್ ಮಾಡಿ ಗಲ್ಲದ ಮೇಲೆ ಇಟ್ಟುಕೊಂಡು ಕೂರುವುದು ನನ್ನ ಕೆಲಸ.